ಇಪ್ಪತ್ತೊಂದನೇ ದಿನ

ಟೈಲ್ಸ್ ಹಾಕುವವನ ಕಸುಬು ಕೈಯಲ್ಲಿದೆ ಎಂದು ಜನ ತಿಳಿದಿದ್ದಾರೆ. ಅದು ಇರುವುದು ಮೊಣಕಾಲಿನಲ್ಲಿ. ಬೆಳಿಗ್ಗೆ ಕುಕ್ಕರುಗಾಲಿನಲ್ಲಿ ಕೂತವನು ಸಂಜೆಯವರೆಗೆ ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಬಾಗಿಲು ಮುಟ್ಟಬೇಕು, ಹಾಕಿದ ನೆಲದ ಮೇಲೆ ಕಾಲಿಡುವಂತಿಲ್ಲ. ಈ ಮನೆಯ ಮಗ ಇಪ್ಪತ್ತೆರಡು ವರ್ಷ ಹೀಗೆ ಹಿಂದಕ್ಕೆ ಸರಿಯುತ್ತಲೇ ಸಂಸಾರವನ್ನು ಮುಂದಕ್ಕೆ ತಂದವನು.

ಅವನು ಎಡವಿದ್ದೂ ದೊಡ್ಡ ಎತ್ತರದಿಂದೇನಲ್ಲ. ಕೆಲಸ ನಡೆಯುತ್ತಿದ್ದ ಮನೆಯ ಹಿಂಬಾಗಿಲಿಗೆ ಒಂದೇ ಒಂದು ಮೆಟ್ಟಿಲು. ಒಂದು ಪೆಟ್ಟಿಗೆ ಟೈಲ್ಸ್ ಎತ್ತಿಕೊಂಡು ಇಳಿಯುವಾಗ ಬಲಗಾಲು ಜಾರಿತು. ಬೀಳಬಾರದೆಂದು ಕಾಲನ್ನು ಬಿಗಿ ಹಿಡಿದ. ಮಂಡಿಯ ಮೇಲುಗಡೆ ಏನೋ ಟಪ್ ಅಂದಿತು. ಟೈಲ್ಸ್ ಒಂದೂ ಒಡೆಯಲಿಲ್ಲ ಎಂಬುದನ್ನೇ ಅವನು ಮನೆಗೆ ಬಂದು ಮೊದಲು ಹೇಳಿದ್ದು.

ಹೆಂಡತಿ ಬೇಕರಿಯಲ್ಲಿ ಬ್ರೆಡ್ಡು ಕತ್ತರಿಸಿ ಪ್ಯಾಕ್ ಮಾಡುವವಳು. ಬೆಳಿಗ್ಗೆ ಆರಕ್ಕೆ ಹೋದರೆ ಮಧ್ಯಾಹ್ನ ಎರಡೂವರೆಗೆ ಮನೆ. ಟೈಲ್ಸ್ ಮನೆ ಹಾಳಾಗಲಿ, ಕಾಲು ತೋರಿಸಿ ಅಂದಳು. ಮಂಡಿ ಕುಂಬಳಕಾಯಿಯಾಗಿತ್ತು. ಬೀದಿ ಕೊನೆಯ ಕ್ಲಿನಿಕ್ಕಿನ ಡಾಕ್ಟರು ಎಕ್ಸ್‌ರೇ ತೆಗೆಸಿ, ಮೂಳೆ ಮುರಿದಿಲ್ಲ, ಬರೀ ಉಳುಕು ಎಂದು ಹೇಳಿ, ಬ್ಯಾಂಡೇಜು ಸುತ್ತಿ, ಹತ್ತು ದಿನ ಮಲಗಲು ಹೇಳಿ ಕಳಿಸಿದರು. ಗಂಡ ಮುಂದಿನ ಕೋಣೆಯ ಮಂಚ ಹಿಡಿದ.

ಮನೆಯಲ್ಲಿ ಇನ್ನಿಬ್ಬರು. ಒಬ್ಬಳು ಹದಿನೈದು ವರ್ಷದ ಮಗಳು. ಬಾಯಿ ಮುಚ್ಚುವುದೇ ಗೊತ್ತಿಲ್ಲದ ಅವಳಿಗೆ ಗಿಣಿ ಎಂದೇ ಹೆಸರು. ಇನ್ನೊಬ್ಬರು ಅವಳ ತಾತ, ಹಳೇ ಕಾಲದ ಮೇಸ್ತ್ರಿ. ಅರವತ್ತೆಂಟು ದಾಟಿದೆ, ಸಾರುವೆ ಹತ್ತುವುದು ಬಿಟ್ಟು ಆರು ವರ್ಷವಾಯಿತು, ಆದರೆ ಮೇಸ್ತ್ರಿಕೆ ಬಿಟ್ಟಿರಲಿಲ್ಲ. ನೆಂಟರ ಮನೆಗೆ ಊಟಕ್ಕೆ ಹೋದರೂ ಮೊದಲು ಗೋಡೆ ತಟ್ಟಿ ನೋಡಿ, ಇದು ಆರು ವರ್ಷ ಬಂದರೆ ಹೆಚ್ಚು ಅನ್ನುವ ಆಸಾಮಿ. ಅನ್ನ ಎಷ್ಟು ಹೊತ್ತು ಬೇಯಬೇಕು, ಬಟ್ಟೆ ಎಷ್ಟು ಹೊತ್ತು ನೆನೆಯಬೇಕು, ಹುಡುಗಿ ಎಷ್ಟು ಹೊತ್ತು ಓದಬೇಕು, ಎಲ್ಲಕ್ಕೂ ಅವರಲ್ಲಿ ಗಾರೆ ಕೆಲಸದ ಒಂದು ಲೆಕ್ಕ ಸಿದ್ಧವಾಗಿರುತ್ತಿತ್ತು. ಸೊಸೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವುದನ್ನು ಮದುವೆಯಾದ ವರ್ಷವೇ ಕಲಿತಿದ್ದಳು.

ಐದನೇ ದಿನ ಮೇಸ್ತ್ರಿ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತರು. ಕಾಲು ನೆಟ್ಟಗಿಟ್ಟು ಮೇಲಕ್ಕೆತ್ತು ಅಂದರು. ಮಗ ಹಲ್ಲು ಕಚ್ಚಿದ, ಬೆವರಿದ, ಹಿಮ್ಮಡಿ ಹಾಸಿಗೆ ಬಿಡಲಿಲ್ಲ. ಮೇಸ್ತ್ರಿ ಬ್ಯಾಂಡೇಜು ಬಿಚ್ಚಿ, ಹಾಕಿದ ಟೈಲನ್ನು ಪರೀಕ್ಷೆ ಮಾಡುವ ಹಾಗೆ, ಮಂಡಿಚಿಪ್ಪಿನ ಮೇಲೆ ಹೆಬ್ಬೆರಳಿನಿಂದ ಅಂಗುಲ ಅಂಗುಲ ಒತ್ತುತ್ತ ಹೋದರು. ಆಮೇಲೆ ಎಡಗಾಲಿನಲ್ಲೂ ಅದೇ ಜಾಗ ಒತ್ತಿ ನೋಡಿ ತಾಳೆ ಹಾಕಿದರು.

"ಇಲ್ಲಿ ಟೊಳ್ಳಿದೆ," ಅಂದರು.

"ಡಾಕ್ಟ್ರು ಉಳುಕು ಅಂದಿದಾರಲ್ಲ ಮಾವ."

"ಅವರು ಫೋಟೋ ನೋಡಿದಾರೆ, ಕಾಲು ನೋಡಿಲ್ಲ. ನಾಳೆ ರಜೆ ಹಾಕಮ್ಮ. ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗು."

ಸೊಸೆ ರಜೆ ಹಾಕಿದಳು. ದೊಡ್ಡಾಸ್ಪತ್ರೆಯ ಮೂಳೆ ಡಾಕ್ಟರು ನಡುವಯಸ್ಸಿನ ಹೆಂಗಸು, ಮಾತು ಕಡಿಮೆ. ಅವರೂ ಅದೇ ಜಾಗದಲ್ಲಿ ಬೆರಳಿಟ್ಟರು, ಸ್ಕ್ಯಾನ್ ಮಾಡಿಸಿದರು, ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ತೊಡೆಯ ಸ್ನಾಯುವನ್ನು ಮಂಡಿಚಿಪ್ಪಿಗೆ ಕಟ್ಟಿ ಹಿಡಿಯುವ ಒಂದು ಗಟ್ಟಿ ಪಟ್ಟಿ ಇರುತ್ತದೆ, ಟೆಂಡನ್ ಅನ್ನುತ್ತಾರೆ, ಅದು ಚಿಪ್ಪಿನಿಂದ ಕಿತ್ತು ಬಂದಿದೆ. ಅದಿಲ್ಲದೆ ಕಾಲು ನೆಟ್ಟಗಾಗುವುದಿಲ್ಲ. ಹೊಲಿದು ಸೇರಿಸಬೇಕು. ಇನ್ನೆರಡು ಮೂರು ವಾರ ಬಿಟ್ಟಿದ್ದರೆ ಹರಿದ ತುದಿ ತೊಡೆಯೊಳಕ್ಕೆ ಸೇದಿಕೊಂಡು, ಎಳೆದರೂ ಬರುತ್ತಿರಲಿಲ್ಲ. ಬೇಗ ಬಂದಿರಿ, ಯಾರು ಹೇಳಿದರು ಎಂದು ಕೇಳಿದರು.

"ನಮ್ಮ ಮಾವ. ಗಾರೆ ಮೇಸ್ತ್ರಿ," ಅಂದಳು ಸೊಸೆ.

"ನಿಮ್ಮ ಮಾವನ ಬೆರಳು ಎಕ್ಸ್‌ರೇಗಿಂತ ವಾಸಿ," ಅಂದು ಡಾಕ್ಟರು ನಕ್ಕರು.

ಈ ಮಾತನ್ನು ಅವಳು ಸೆರಗಿನಲ್ಲಿ ಕಟ್ಟಿಕೊಂಡು ಬಂದಹಾಗೆ ಮನೆಗೆ ತಂದಳು. ಮಾವನಿಗೆ ಹೇಳಿದಳು, ಪಕ್ಕದ ಮನೆಯವರಿಗೆ ಹೇಳಿದಳು, ಬೇಕರಿಯಲ್ಲಿ ಹಿಟ್ಟು ನಾದುವವರಿಗೂ ಹೇಳಿದಳು. ಹದಿನೆಂಟು ವರ್ಷದಲ್ಲಿ ಮೊದಲ ಸಲ ಮಾವನ ಬಗ್ಗೆ ಅವಳಿಗೆ ಹೆಮ್ಮೆಯಾಗಿತ್ತು. ಎಲ್ಲರೂ ಸೇರಿ ಮುದುಕರನ್ನು ಅಟ್ಟಕ್ಕೇರಿಸಿದರು, ಅವರೂ ಆರಾಮಾಗಿ ಹತ್ತಿ ಕೂತರು.

ಆಪರೇಷನ್ ಚೆನ್ನಾಗಿ ಆಯಿತು. ತೊಡೆಯಿಂದ ಕಣಕಾಲಿನವರೆಗೆ ಒಂದು ಬ್ರೇಸ್ ಬಿಗಿದು, ಕಾಲು ಮಡಿಸದಂತೆ ಬೀಗ ಹಾಕಿ ಮನೆಗೆ ಕಳಿಸಿದರು. ಆಸ್ಪತ್ರೆ ಕೊಟ್ಟ ಕಾಗದವನ್ನು ಗಿಣಿ ಎಲ್ಲರೂ ಊಟಕ್ಕೆ ಕೂತಾಗ ಜೋರಾಗಿ ಓದಿದಳು. ಆರು ವಾರ ಬ್ರೇಸ್ ತೆಗೆಯಕೂಡದು. ಊರುಗೋಲಿಲ್ಲದೆ ಓಡಾಡಕೂಡದು. ಮಲಗಿದಲ್ಲೇ ತೊಡೆ ಬಿಗಿ ಮಾಡಿ ಸಡಿಲ ಬಿಡುವ ವ್ಯಾಯಾಮ ದಿನಕ್ಕೆ ಮೂರು ಸಲ. ಆರು ವಾರದ ಮೇಲೆ ಸ್ವಲ್ಪ ಸ್ವಲ್ಪ ಮಡಿಸುವುದು, ಅದೂ ಆಸ್ಪತ್ರೆಯವರ ಎದುರಿಗೆ.

ಮೇಸ್ತ್ರಿ ತುತ್ತು ಕೈಯಲ್ಲೇ ಹಿಡಿದು ಕೇಳಿದರು. "ಆರು ವಾರ ಅಂದ್ರೆ ನಲವತ್ತೆರಡು ದಿನ. ಇದ್ಯಾವ ಲೆಕ್ಕ?"

"ಡಾಕ್ಟ್ರ ಲೆಕ್ಕ, ತಾತ."

"ಮೂವತ್ತಡಿ ಸ್ಲ್ಯಾಬಿಗೇ ಇಪ್ಪತ್ತೊಂದು ದಿನ. ಇಪ್ಪತ್ತೊಂದನೇ ದಿನ ಸೆಂಟ್ರಿಂಗ್ ಬಿಚ್ತೀವಿ, ಅದರ ಮೇಲೆ ಮಹಡಿ ಎಬ್ಬಿಸ್ತೀವಿ. ಇದು ಗೇಣುದ್ದ ಮಾಂಸ."

"ಅಪ್ಪನ ಕಾಲು ಸಿಮೆಂಟಲ್ಲ ತಾತ."

"ಬಿಚ್ಚೋದು ತಡ ಮಾಡಿದ್ರೆ ಹಲಗೆ ಕಚ್ಕೊಂಡು ಬಿಡುತ್ತೆ ಕಣೆ. ನಿನಗೇನು ಗೊತ್ತು."

ಎಲ್ಲರೂ ನಕ್ಕರು, ಸೊಸೆಯೂ ನಕ್ಕಳು. ಸ್ಲ್ಯಾಬು ಹಾಕಿದಾಗ ಅದರಡಿ ಊರಿ ನಿಲ್ಲಿಸಿದ ಹಲಗೆ ಕಂಬಗಳನ್ನು ಎಷ್ಟು ದಿನಕ್ಕೆ ತೆಗೆಯಬೇಕು ಎಂಬ ಲೆಕ್ಕ ಮಾವನ ಬಾಯಿಂದ ಅವಳು ಸಾವಿರ ಸಲ ಕೇಳಿದ್ದಳು. ಮಾರನೆಯ ದಿನ ಕಸ ಗುಡಿಸುವಾಗ ನೋಡಿದರೆ, ಮಂಚದ ಮೇಲಿನ ಗೋಡೆಯಲ್ಲಿ ಮೇಸ್ತ್ರಿ ಪೆನ್ಸಿಲಿನಿಂದ ಆಪರೇಷನ್ ತಾರೀಖು ಬರೆದಿದ್ದರು, ಹೊಸ ಸ್ಲ್ಯಾಬಿನ ಪಕ್ಕ ಬರೆಯುತ್ತಾರಲ್ಲ, ಹಾಗೆ. ಗೋಡೆ ಕೊಳೆಯಾಯಿತಲ್ಲ ಎಂದು ಬೇಜಾರು ಮಾಡಿಕೊಂಡಳೇ ಹೊರತು ಬೇರೇನೂ ಅವಳಿಗೆ ಹೊಳೆಯಲಿಲ್ಲ.

ಮೊದಲೆರಡು ವಾರ ಮನೆ ಹೇಗೋ ನಡೆಯಿತು. ಸೊಸೆ ಐದಕ್ಕೆ ಮೊದಲೇ ಎದ್ದು ಅನ್ನ, ಪಲ್ಯ ಮಾಡಿಟ್ಟು ಹೋಗುತ್ತಿದ್ದಳು. ಬ್ರೆಡ್ಡಿನ ಅಂಚು ಸಿಕ್ಕಷ್ಟೂ ಚೀಲದಲ್ಲಿ ತರುತ್ತಿದ್ದಳು. ಮಗನಿಗೆ ಮೈ ಒರೆಸುವುದು, ಕಕ್ಕಸಿಗೆ ಕರೆದುಕೊಂಡು ಹೋಗುವುದು ಮೇಸ್ತ್ರಿ ಪಾಲಿಗೆ. ಅದರಲ್ಲಿ ಅವರು ಒಂದು ದಿನವೂ ಮುಖ ಸಿಂಡರಿಸಲಿಲ್ಲ ಎಂಬುದನ್ನೂ ಹೇಳಬೇಕು. ಸಂಜೆ ಗಂಡ ತೊಡೆ ಬಿಗಿ ಮಾಡಿದಾಗ ಮಂಡಿಚಿಪ್ಪಿನ ಮೇಲೆ ಅಂಗೈ ಇಟ್ಟು ನೋಡುವುದು ಸೊಸೆಯ ಕೆಲಸ. ಚಿಪ್ಪು ಒಂದು ಕೂದಲೆಳೆಯಷ್ಟು ಮೇಲಕ್ಕೆ ಸರಿದರೆ ಹೊಲಿಗೆ ಹಿಡಿದಿದೆ ಎಂದರ್ಥ ಎಂದು ಆಸ್ಪತ್ರೆಯಲ್ಲಿ ವ್ಯಾಯಾಮ ಕಲಿಸುವಾಕೆ ಹೇಳಿಕೊಟ್ಟಿದ್ದಳು. ದಿನಾ ಸರಿಯುತ್ತಿತ್ತು. ಅಷ್ಟು ಕಂಡರೆ ಅವಳಿಗೆ ಆ ದಿನದ ದಣಿವೆಲ್ಲ ಇಳಿಯುತ್ತಿತ್ತು, ಯಾಕೆಂದರೆ ಕುಕ್ಕರುಗಾಲಿನಲ್ಲಿ ಕೂರಲಾರದ ಟೈಲ್ಸಿನವನನ್ನು ಯಾರೂ ಕೆಲಸಕ್ಕೆ ಕರೆಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು, ಬೇರೆ ಕೆಲಸ ಅವನಿಗೆ ಗೊತ್ತಿರಲಿಲ್ಲ.

ಮೂರನೇ ವಾರಕ್ಕೆ ಗಂಡನಿಗೆ ಮಂಚ ಮುಳ್ಳಾಯಿತು. ಮೊಟ್ಟೆ ಬೆಂದದ್ದು ಹೆಚ್ಚಾಯಿತು, ಫ್ಯಾನು ಶಬ್ದ ಮಾಡುತ್ತದೆ, ಗಿಣಿ ಮನಸ್ಸಿನಲ್ಲಿ ಓದಿಕೊಳ್ಳಬಾರದೇ, ಇದೇ ರಗಳೆ. ಅದೇ ಹೊತ್ತಿಗೆ, ಅರ್ಧ ನೆಲ ಹಾಕಿ ಬಿಟ್ಟ ಮನೆಯ ಯಜಮಾನರು ಹುಡುಕಿಕೊಂಡು ಬಂದರು. ಬಚ್ಚಲುಮನೆಯಲ್ಲಿ ಹಲಗೆ ಹಾಕಿಕೊಂಡು ಸ್ನಾನ ಮಾಡುತ್ತಿದ್ದೇವೆ, ಇನ್ನು ಕಾಯುವುದಕ್ಕಾಗುವುದಿಲ್ಲ, ಬೇರೆಯವರಿಗೆ ಕೊಡುತ್ತೇವೆ ಅಂದರು. ಸೊಸೆ ಬೇಕರಿಯಲ್ಲಿದ್ದಳು. ಮೇಸ್ತ್ರಿ ಅವರಿಗೆ ಚಹಾ ಕೊಟ್ಟು, ಇನ್ನೊಂದು ವಾರ ತಡೆಯಿರಿ, ಮಗ ಬಂದು ನಿಲ್ಲುತ್ತಾನೆ ಎಂದು ಮಾತು ಕೊಟ್ಟುಬಿಟ್ಟರು.

"ಯಾರನ್ನ ಕೇಳಿ ಮಾತು ಕೊಟ್ರಿ ಮಾವ?" ಎಂದು ಅವಳು ಚೀಲವನ್ನೂ ಕೆಳಗಿಡದೆ ಕೇಳಿದಳು.

"ಕೂತ್ಕೊಂಡು ಹೇಳಿಕೊಡ್ತಾನೆ. ಅವನನ್ನ ಹೊರೆ ಹೊರು ಅಂದ್ನಾ ನಾನು?"

"ಆರು ವಾರ ಅಂದ್ರೆ ಆರು ವಾರ."

"ಹೋದ ಸಲ ಆ ಕ್ಲಿನಿಕ್ಕಿನವನು ಉಳುಕು ಅಂದ. ಡಾಕ್ಟ್ರು ಹೇಳಿದ್ದೇ ವೇದ ಅಂತಿದ್ರೆ ನಿನ್ನ ಗಂಡ ಇವತ್ತು ಎಲ್ಲಿರ್ತಿದ್ದ?"

ಅವಳು ಗಂಡನ ಕಡೆ ನೋಡಿದಳು. ಅವನು, ಅಪ್ಪ ಹೇಳೋದೂ ಸರಿ, ನೀನು ಹೇಳೋದೂ ಸರಿ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟು ಗೋಡೆಯ ಕಡೆಗೆ ಮುಖ ತಿರುಗಿಸಿದ.

ಆಪರೇಷನ್ ಆಗಿ ಇಪ್ಪತ್ತೊಂದನೇ ದಿನ ಅವಳು ಎಂದಿನಂತೆ ಎರಡೂವರೆಗೆ ಮನೆಗೆ ಬಂದಳು. ಅಡುಗೆಮನೆಯಲ್ಲಿ ಎರಡು ಲೋಟ ತೊಳೆದು ಬೋರಲು ಹಾಕಿತ್ತು. ಹದಿನೆಂಟು ವರ್ಷದಲ್ಲಿ ಆ ಇಬ್ಬರು ಗಂಡಸರಲ್ಲಿ ಒಬ್ಬರೂ ಕುಡಿದ ಲೋಟ ತೊಳೆದಿಟ್ಟವರಲ್ಲ. ಅವಳು ಚೀಲವನ್ನು ಅಲ್ಲೇ ಬಿಟ್ಟು ಬಂದು ನೋಡಿದಳು. ಮುಂದಿನ ಕೋಣೆಯಲ್ಲಿ ಗಂಡ ಮಲಗಿದ್ದ, ಬ್ರೇಸ್ ಬಿಗಿಯಾಗಿಯೇ ಇತ್ತು, ಮಾವ ಕಿಟಕಿಯ ಪಕ್ಕ ಹಳೇ ಪೇಪರು ಓದುತ್ತಿದ್ದರು. ಏನಾಯಿತು ಎಂದರೆ, ಏನಾಗಬೇಕಿತ್ತು ಎಂದು ಇಬ್ಬರೂ ಒಟ್ಟಿಗೆ ಕೇಳಿದರು.

ಸಂಜೆ ಅಂಗೈ ಇಡಲು ಹೋದರೆ ಗಂಡ ಇವತ್ತು ಬೇಡ, ತಲೆನೋವು ಅಂದ. ಮರುದಿನ ಹೊಟ್ಟೆ ಸರಿಯಿಲ್ಲ ಅಂದ. ಮಾವ ಎರಡು ದಿನ ಒಂದು ಲೆಕ್ಕವನ್ನೂ ಹೇಳಲಿಲ್ಲ, ಅನ್ನ ಮುದ್ದೆಯಾದರೂ ಸುಮ್ಮನೆ ಉಂಡರು. ಮೂರನೇ ದಿನ ಅವಳು ಯಾರನ್ನೂ ಕೇಳಲಿಲ್ಲ. ಬೇಕರಿಯ ಸೀರೆಯಲ್ಲೇ ಮಂಚದ ಮೇಲೆ ಕೂತು, ಬ್ರೇಸಿನ ನಡುವಿನ ಸಂದಿಯಲ್ಲಿ ಮಂಡಿಯ ಮೇಲೆ ಅಂಗೈ ಇಟ್ಟು, ಬಿಗಿ ಮಾಡಿ ಅಂದಳು. ಗಂಡ ಕಣ್ಣು ಮುಚ್ಚಿ ಬಿಗಿ ಮಾಡಿದ. ತೊಡೆ ನಡುಗಿತು, ಚಿಪ್ಪು ಇದ್ದಲ್ಲೇ ಇತ್ತು. ಅವಳು ಹೆಬ್ಬೆರಳಿನಿಂದ ಒತ್ತಿದಳು. ಬೆರಳು ಒಳಕ್ಕೆ ಹೋಯಿತು.

ಅವಳು ಕೂಗಾಡಲಿಲ್ಲ. ಕಿಟಕಿಯ ಕಡೆ ತಿರುಗಿ ಕರೆದಳು. "ಮಾವ, ಇಲ್ಲಿ ಬನ್ನಿ. ಒಂದು ಸಲ ಕೈ ಇಟ್ಟು ನೋಡಿ."

ಮೇಸ್ತ್ರಿ ಏಳಲಿಲ್ಲ. "ನೋಡಿದೀನಿ," ಅಂದರು.

"ಯಾವತ್ತು?"

"ಅವತ್ತೇ."

ಆಮೇಲೆ ಎಲ್ಲವೂ ಹೊರಬಿತ್ತು. ಹೇಳಿದವನು ಗಂಡ, ಮುದುಕರು ಪೇಪರು ಮಡಿಸುತ್ತ ಕೂತಿದ್ದರು. ಅವತ್ತು ಬೆಳಿಗ್ಗೆ ಸೊಸೆ ಬೇಕರಿಗೆ, ಮೊಮ್ಮಗಳು ಸ್ಕೂಲಿಗೆ ಹೋದ ಮೇಲೆ ಅಪ್ಪ ಕೈಕಾಲು ತೊಳೆದುಕೊಂಡು ಬಂದು ಬ್ರೇಸ್ ಬಿಚ್ಚಿದರಂತೆ. ಸೆಂಟ್ರಿಂಗ್ ಬಿಚ್ಚುವ ಕ್ರಮದಲ್ಲೇ, ಒಂದೇ ಸಲಕ್ಕಲ್ಲ, ನಡುವಿನ ಪಟ್ಟಿ ಮೊದಲು, ಸ್ವಲ್ಪ ತಡೆದು ಆಚೆ ಈಚೆಯದು, ಕೊನೆಗೆ ತುದಿಯದು. ಒಂದೊಂದು ಪಟ್ಟಿಗೂ ನೋವಾಯಿತೇ ಎಂದು ಕೇಳಿದರಂತೆ. ನೋವಾಗಲಿಲ್ಲ. ಕಾಲು ಸ್ವಲ್ಪ ಮಡಿಸಿದರೂ ಏನೂ ಆಗಲಿಲ್ಲ. ಅಪ್ಪ ಮಕ್ಕಳಿಬ್ಬರೂ ಖುಷಿಯಾಗಿ ಚಹಾ ಮಾಡಿ ಕುಡಿದರಂತೆ. ಆಮೇಲೆ ಅಪ್ಪನ ಭುಜ ಹಿಡಿದು ಎದ್ದು ನಿಂತವನು, ಬಾಗಿಲವರೆಗೆ ಹೋಗಿ ಬರುತ್ತೇನೆ ಎಂದು ಭುಜ ಬಿಟ್ಟ. ನಾಲ್ಕನೇ ಹೆಜ್ಜೆಗೆ ಮಂಡಿ ತಾನಾಗಿ ಮಡಿಚಿಕೊಂಡಿತು. ಮುದುಕರು ಹಿಡಿದುಕೊಂಡರು, ನೆಲಕ್ಕೆ ಬೀಳಲು ಬಿಡಲಿಲ್ಲ, ಆದರೆ ಒಳಗೆ ಆ ಶಬ್ದ ಇಬ್ಬರಿಗೂ ಕೇಳಿಸಿತು.

"ಮೂರು ದಿನ," ಅಂದಳು ಸೊಸೆ. "ಬಿಚ್ಚಿದ್ದು ಹಾಳಾಗಲಿ. ಮೂರು ದಿನ ಬಾಯಿ ಮುಚ್ಕೊಂಡು ನನ್ನ ಕೈಲಿ ಅನ್ನ ಹಾಕಿಸ್ಕೊಂಡ್ರಲ್ಲ."

ಗಂಡ, ನಾನೂ ಒಪ್ಪಿಕೊಂಡೇ ಬಿಚ್ಚಿದ್ದು, ಅಪ್ಪನೊಬ್ಬರದೇ ತಪ್ಪಲ್ಲ ಅಂದ. ನೀವು ಸುಮ್ಮನಿರಿ ಎಂದು ಅವಳು ಒಂದೇ ಮಾತಿನಲ್ಲಿ ಅವನ ಬಾಯಿ ಮುಚ್ಚಿಸಿದಳು.

ಆಸ್ಪತ್ರೆಗೆ ಮೂವರೂ ಹೋದರು. ಮೇಸ್ತ್ರಿಯನ್ನು ಯಾರೂ ಕರೆದಿರಲಿಲ್ಲ, ಅವರಾಗಿಯೇ ಒಗೆದ ಶರ್ಟು ಹಾಕಿಕೊಂಡು ಗಾಡಿ ಹತ್ತಿ ಕೂತರು. ಹೇಗಾಯಿತು ಎಂದು ಡಾಕ್ಟರು ಕೇಳಿದರು. ಬಚ್ಚಲಿನಲ್ಲಿ ಜಾರಿದೆ ಅಂದ ಗಂಡ. ಹೆಂಡತಿ ನೆಲ ನೋಡುತ್ತಿದ್ದಳು.

"ಇಲ್ಲಮ್ಮ," ಅಂದರು ಮೇಸ್ತ್ರಿ. "ನಾನು ಬಿಚ್ಚಿದೆ. ಇಪ್ಪತ್ತೊಂದು ದಿನ ಆಗಿತ್ತು."

ಡಾಕ್ಟರಿಗೆ ಆ ಲೆಕ್ಕ ತಿಳಿಯಲಿಲ್ಲ. ಸೊಸೆಯೇ ಸ್ಲ್ಯಾಬಿನ ವಿಷಯ ಬಿಡಿಸಿ ಹೇಳಬೇಕಾಯಿತು. ಕೇಳಿ ಡಾಕ್ಟರು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳಿಗನ್ನಿಸಿತು. ಮತ್ತೆ ತೆರೆಯಬೇಕು, ಈ ಸಲ ಹರಿದ ತುದಿ ನಾರುನಾರಾಗಿರುತ್ತದೆ, ಅದೇ ಕಾಲಿನ ಹಿಂಬದಿಯಿಂದ ಒಂದು ಎಳೆ ತೆಗೆದು ಸೇರಿಸಬೇಕು. ನಡೆಯುತ್ತಾನೆ, ನಿಲ್ಲುತ್ತಾನೆ, ಕಂಬಿ ಹಿಡಿದು ಮೆಟ್ಟಿಲು ಹತ್ತುತ್ತಾನೆ. ಕುರ್ಚಿಯಲ್ಲಿ ಕೂರುವಷ್ಟು ಮಡಿಸಬಹುದು. ನೆಲದಲ್ಲಿ ಕುಕ್ಕರುಗಾಲು ಹಾಕುವ ಕೆಲಸ ಮಾತ್ರ ಮರೆತುಬಿಡಿ ಅಂದರು. ಗಂಡ ತಲೆಯಾಡಿಸಿದ. ಮೇಸ್ತ್ರಿ ಕೈಗಳೆರಡನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದರು.

ಅವತ್ತಿನಿಂದ ಸೊಸೆ ಮಾವನ ಜೊತೆ ಮಾತು ಬಿಟ್ಟಳು. ಹೊತ್ತು ಹೊತ್ತಿಗೆ ಊಟ ಹಾಕಿದಳು, ಬಟ್ಟೆ ಒಗೆದಳು, ಮಾತ್ರೆ ತಂದಿಟ್ಟಳು. ಮಾತೊಂದನ್ನು ಕೊಡಲಿಲ್ಲ. ನಾಲ್ಕಡಿ ದೂರದಲ್ಲಿ ಕೂತವರಿಗೆ, ತಾತನಿಗೆ ಅನ್ನ ಹಾಕಿದೆ ಅಂತ ಹೇಳು ಎಂದು ಗಿಣಿಯ ಕೈಲಿ ಹೇಳಿಸುತ್ತಿದ್ದಳು. ತಾತ, ಅನ್ನ ಹಾಕಿದಾಳಂತೆ ಅನ್ನುತ್ತಿದ್ದಳು ಗಿಣಿ. ಕೇಳಿಸ್ತು ಅಂತ ಹೇಳು ಅನ್ನುತ್ತಿದ್ದರು ತಾತ. ಒಂದು ದಿನ ಗಿಣಿ ತಟ್ಟೆ ತಳ್ಳಿ ಎದ್ದಳು.

"ನಾನೇನು ಪೋಸ್ಟ್ ಡಬ್ಬಾನಾ? ಇಬ್ಬರಿಗೂ ಬಾಯಿಲ್ವಾ?"

"ಬಾಯಿ ಇರೋದು ಉಣ್ಣೋಕೆ. ಕೂತ್ಕೊಂಡು ಉಣ್ಣು," ಅಂದಳು ತಾಯಿ.

ಅವಳಿಗೆ ಸಿಟ್ಟು ಮಾವನ ಮೇಲೆ ಎಷ್ಟಿತ್ತೋ ತನ್ನ ಮೇಲೂ ಅಷ್ಟೇ ಇತ್ತು. ಎಕ್ಸ್‌ರೇಗಿಂತ ವಾಸಿ ಎಂಬ ಆ ಮಾತನ್ನು ಊರಿಗೆಲ್ಲ ಹಂಚಿಕೊಂಡು ಬಂದವಳು ತಾನೇ. ಬ್ರೆಡ್ಡು ಕತ್ತರಿಸುವಾಗ ಅದು ನೆನಪಾಗಿ ನಾಚಿಕೆಯಾಗುತ್ತಿತ್ತು. ಸಿಟ್ಟನ್ನಾದರೂ ಮಾವನ ತಟ್ಟೆಗೆ ಬಡಿಸಬಹುದು, ನಾಚಿಕೆಯನ್ನು ಎಲ್ಲಿ ಹಾಕುವುದು?

ಎರಡನೇ ಆಪರೇಷನ್ ಆದ ಮೇಲೆ ಮೇಸ್ತ್ರಿ ಮಗನ ಕಾಲಿನ ಹತ್ತಿರ ಸುಳಿಯಲಿಲ್ಲ. ಮೈ ಒರೆಸುವ ಕೆಲಸವನ್ನು ಸೊಸೆಯೇ ವಹಿಸಿಕೊಂಡಳು. ಮುದುಕರು ಬೆಳಿಗ್ಗೆ ಒಂದು ಚೀಲ ಹಿಡಿದು ಹೊರಗೆ ಹೋದರೆ ಸಂಜೆಗೆ ಬರುವುದು. ಹಳೇ ಸ್ನೇಹಿತರ ಹತ್ತಿರ ಹೋಗಿ ಹರಟುತ್ತಾರೆ ಎಂದುಕೊಂಡಿದ್ದಳು. ಮೂರನೇ ದಿನ ಬಟ್ಟೆ ನೆನೆಸುವಾಗ ಪ್ಯಾಂಟಿನ ಎರಡು ಮಂಡಿಯಲ್ಲೂ ಸಿಮೆಂಟು ಗಟ್ಟಿಯಾಗಿ ಕೂತಿತ್ತು. ಅವರು ಮಗ ಬಿಟ್ಟ ಆ ಬಚ್ಚಲುಮನೆಯನ್ನು ಮುಗಿಸುತ್ತಿದ್ದರು. ಅವಳು ಉಗುರಿನಿಂದ ಕೆರೆದು ತೆಗೆದಳು, ಯಾರಿಗೂ ಹೇಳಲಿಲ್ಲ. ಆಮೇಲೆ ಪ್ರತಿ ವಾರವೂ ಕೆರೆಯುವುದಿತ್ತು. ಬಚ್ಚಲುಮನೆಯಾದ ಮೇಲೆ ಇನ್ನೊಂದು ಮನೆ, ಅದಾದ ಮೇಲೆ ಮತ್ತೊಂದು.

ನಾಲ್ಕು ತಿಂಗಳಿಗೆ ಗಂಡ ಊರುಗೋಲು ಬಿಟ್ಟ. ಕಾಲು ಕುರ್ಚಿಯ ಮಟ್ಟಕ್ಕೆ ಮಡಚಿಕೊಳ್ಳುತ್ತಿತ್ತು, ಮುಂದಕ್ಕೆ ಎಷ್ಟು ತಳ್ಳಿದರೂ ಇಲ್ಲ. ಒಂದು ಸೋಮವಾರ ಅವನೂ ಅಪ್ಪನ ಹಿಂದೆ ಹೊರಟ. ನಿಂತುಕೊಂಡು ಮಾಡುವ ಕೆಲಸ ಏನಾದರೂ ಇರುತ್ತದೆ ಅಂದ.

ಆ ವಾರ ಒಂದು ದಿನ ಬೇಕರಿಯ ಒಲೆ ಕೆಟ್ಟು ಹತ್ತು ಗಂಟೆಗೇ ರಜೆ ಕೊಟ್ಟರು. ಅವಳು ಮನೆಗೆ ಬಂದು ಅನ್ನ ಮಾಡಿ, ಎರಡು ಡಬ್ಬಿಗೆ ತುಂಬಿ, ಗಂಡ ಹೇಳಿದ್ದ ಗುರುತು ಹಿಡಿದು ಹೋದಳು. ಹೊಸ ಕಟ್ಟಡದ ಮೊದಲ ಮಹಡಿ, ಇನ್ನೂ ಕಿಟಕಿ ಕೂಡಿಸಿರಲಿಲ್ಲ. ಬಾಗಿಲಿನ ಹತ್ತಿರ ನಿಂತು ನೋಡಿದಳು. ಗಂಡ ಬೆಂಚಿನ ಮುಂದೆ ನಿಂತು ಟೈಲ್ಸ್ ಕತ್ತರಿಸುತ್ತಿದ್ದ, ಬಲಗಾಲು ಸ್ವಲ್ಪ ಹೊರಕ್ಕೆ ಚಾಚಿತ್ತು. ನೆಲದ ನಡುವೆ ಮುದುಕರು ಬರೀ ಕಾಂಕ್ರೀಟಿನ ಮೇಲೆ ಮಂಡಿಯೂರಿ, ಮಗ ಕೊಟ್ಟ ಟೈಲನ್ನು ಗಾರೆಯ ಮೇಲೆ ಇಳಿಸುತ್ತಿದ್ದರು.

"ಎಡಕ್ಕೆ ಒಂದು ನೂಲಿನಷ್ಟು, ಅಪ್ಪ," ಅಂದ ಗಂಡ.

ಮುದುಕರು ಎಡಕ್ಕೆ ಸರಿಸಿದರು. ಯಾಕೆ ಎಂದು ಕೇಳಲಿಲ್ಲ.

"ಹೆಚ್ಚಾಯ್ತು. ಸ್ವಲ್ಪ ಈಚೆಗೆ."

ಈಚೆಗೆ ತಂದರು. ರಬ್ಬರ್ ಸುತ್ತಿಗೆಯಿಂದ ಎರಡು ಸಲ ತಟ್ಟಿ, ಸರಿಯಾಯ್ತಾ ಎಂದು ಕತ್ತೆತ್ತಿ ಮಗನನ್ನು ಕೇಳಿದರು. ಆಯ್ತು ಅಂದ ಮೇಲೆ ಒಂದು ಕೈ ನೆಲಕ್ಕೆ ಊರಿ ಒಂದಡಿ ಹಿಂದಕ್ಕೆ ಸರಿದರು. ಸರಿಯುವಾಗ ಎಡ ಮಂಡಿಯನ್ನು ಅಂಗೈಯಿಂದ ಒತ್ತಿಕೊಂಡದ್ದು ಬಾಗಿಲಲ್ಲಿ ನಿಂತ ಅವಳಿಗೆ ಕಾಣಿಸಿತು. ಮಗ ಆಗಲೇ ಬೆಂಚಿನ ಕಡೆ ತಿರುಗಿದ್ದ, ಅವನು ನೋಡಲಿಲ್ಲ. ಇನ್ನು ಬಾಗಿಲವರೆಗೆ ಹದಿನಾರು ಹದಿನೇಳು ಸಾಲು ಇತ್ತು.

ಅವಳ ಸಿಟ್ಟು ಹೋಗಿರಲಿಲ್ಲ. ಗಂಡನ ಚಾಚಿದ ಕಾಲು ಕಣ್ಣೆದುರಿಗೇ ಇರುವಾಗ ಅದು ಹೋಗುವುದಾದರೂ ಹೇಗೆ? ಆದರೂ ಡಬ್ಬಿಗಳನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಸಿಮೆಂಟು ರಾಶಿಯ ಪಕ್ಕ ಬಿದ್ದಿದ್ದ ಒಂದು ಗೋಣಿಚೀಲವನ್ನು ಎತ್ತಿ, ಧೂಳು ಕೊಡವಿ, ನಾಲ್ಕು ಮಡಿಕೆ ಮಾಡಿದಳು.

"ಮಾವ," ಅಂದಳು. "ಇದನ್ನ ಮಂಡಿ ಕೆಳಗೆ ಹಾಕ್ಕೊಳ್ಳಿ. ನಿಮ್ಮದೂ ಹೋದ್ರೆ ನೋಡ್ಕೊಳ್ಳೋಕೆ ನನ್ನ ಕೈಲಾಗಲ್ಲ."

ಮುದುಕರು ಅವಳ ಕಡೆ ನೋಡಿದರು. ಆಮೇಲೆ ಗೋಣಿಯನ್ನು ಎರಡು ಕೈಯಲ್ಲೂ ತೆಗೆದುಕೊಂಡು, ನೆಲದ ಮೇಲೆ ಹಾಸಿ, ಒಂದು ಮಂಡಿ, ಮತ್ತೊಂದು ಮಂಡಿ ಅದರ ಮೇಲಿಟ್ಟರು.

"ಸರಿಯಾಯ್ತಮ್ಮ," ಅಂದರು.